ಮರ್ಲ್‌ನ ಜಾರುಬಂಡಿ

ಮಣ್ಣು ಮಾಡಿದ ಮರುದಿನ ಗುರುವಾರ, ಕಸದ ಲಾರಿ ಬರುವ ದಿನ. ಕಣ್ಣು ಬಿಟ್ಟಾಗ ಲಿನೆಟ್‌ಗೆ ಮೊದಲು ನೆನಪಾದದ್ದು ಅದೇ. ಗಂಡನನ್ನು ಕಳೆದುಕೊಂಡವಳಿಗೆ ಎದ್ದೊಡನೆ ಬೇರೇನೋ ನೆನಪಾಗಬೇಕಲ್ಲವೇ ಅನ್ನಿಸಿ, ಅದು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಹಾಗೇ ಮಲಗಿದ್ದಳು. ಬರಲಿಲ್ಲ. ಬಾಗಿಲ ಬಳಿ ಕೈಗೆ ಸಿಕ್ಕಿದ್ದು ಗಂಡ ವೇಡ್‌ನ ಕೋಟು. ಅದನ್ನೇ ತೊಟ್ಟು ಕಸದ ಡಬ್ಬವನ್ನು ರಸ್ತೆಯಂಚಿಗೆ ಎಳೆದುಕೊಂಡು ಹೋದಳು. ಡಬ್ಬದ ತುಂಬ ನಿನ್ನೆಯ ಕಾಗದದ ತಟ್ಟೆಗಳು, ಹೂಗುಚ್ಛಗಳಿಗೆ ಸುತ್ತಿದ್ದ ಪ್ಲಾಸ್ಟಿಕ್ಕು. ಇಬ್ಬನಿ ಹೆಪ್ಪುಗಟ್ಟಿ ಹುಲ್ಲು ಕಾಲಡಿ ಮುರಿಯುತ್ತಿತ್ತು. ಮನೆಯ ಹಿಂದೆ ಗುಡ್ಡ, ಗುಡ್ಡದ ಮೇಲೆ ಎಲೆಯೆಲ್ಲ ಉದುರಿಸಿಕೊಂಡ ಓಕ್ ಮರಗಳು. ಅತ್ತ ನೋಡಬಾರದೆಂದು ಅವಳೇನೂ ತೀರ್ಮಾನಿಸಿರಲಿಲ್ಲ. ಆದರೂ ಕಣ್ಣು ಡಬ್ಬದ ಗಾಲಿಗಳ ಮೇಲೇ ಇತ್ತು. ಹಿಂದಿರುಗುವಾಗ, ಹಾಗೆ ತಗ್ಗಿಸಿದ ಕಣ್ಣಿಗೇ, ಶೆಡ್ಡಿನ ಗೋಡೆಗೆ ಒರಗಿಸಿದ್ದ ಜಾರುಬಂಡಿ ಬಿತ್ತು.

ಹೊಡೆದ ಜಿಂಕೆಯನ್ನು ಕಾಡಿನಿಂದ ಎಳೆದು ತರುವ ಬಂಡಿ ಅದು. ಕಪ್ಪು ಪ್ಲಾಸ್ಟಿಕ್ಕಿನದು, ಚಕ್ರವಿಲ್ಲದ ಚಪ್ಪಟೆ ದೋಣಿಯ ಹಾಗೆ. ಮೂತಿಗೆ ಉದ್ದನೆಯ ಹಗ್ಗ. ಅಂಚಿನಲ್ಲಿ ಬಿಳಿ ಬಣ್ಣದಲ್ಲಿ ‘ಮರ್ಲ್’ ಎಂದು ಬರೆದಿತ್ತು. ರಸ್ತೆಯ ಆ ತುದಿಯಲ್ಲಿ ಒಬ್ಬನೇ ಇರುವ ಮುದುಕ ಮರ್ಲ್‌ನಿಂದ ವೇಡ್ ಅದನ್ನು ಬಿಲ್ಲುಬಾಣದ ಬೇಟೆಯ ಸೀಸನ್ ಶುರುವಾದಾಗ ಕೇಳಿ ತಂದಿದ್ದ. ಅದರ ಮೇಲೆ ಜಿಂಕೆ ಬರಲಿಲ್ಲ, ವೇಡ್ ಬಂದ. ಗುಡ್ಡದ ಮೇಲಿನಿಂದ ಅಂಬುಲೆನ್ಸ್ ನಿಂತಿದ್ದ ರಸ್ತೆಯವರೆಗೆ ಅವನನ್ನು ಅದರಲ್ಲೇ ಎಳೆದು ತಂದರು. ಆಮೇಲೆ ಯಾರೋ ಪೈಪು ಹಿಡಿದು ಅವಸರದಲ್ಲಿ ತೊಳೆದಿದ್ದರು. ನೀರು ಪೂರ್ತಿ ಹರಿದುಹೋಗದೆ ತಳದ ಗೆರೆಗಳಲ್ಲಿ ಹೆಪ್ಪುಗಟ್ಟಿ ನಿಂತಿತ್ತು. ಹಗ್ಗವನ್ನು ಮುದುರಿ ಒಳಗೆ ತುರುಕಿದ್ದರು. ವಾಪಸು ಕೊಡಬೇಕು, ಅಂದುಕೊಂಡಳು. ಕಸದ ನಂತರ ಬಂದ ಎರಡನೆಯ ಯೋಚನೆ ಅದು.

ಅಡುಗೆಮನೆಯಲ್ಲೂ ಎಲ್ಲದರ ಮೇಲೂ ಹೆಸರುಗಳೇ. ಊರಿನ ಹೆಂಗಸರು ಊಟ ತುಂಬಿ ತಂದ ಗಾಜಿನ ಪಾತ್ರೆಗಳಿಗೆ ಅಂಟುಪಟ್ಟಿ, ಪಟ್ಟಿಯ ಮೇಲೆ ಪೆನ್ನಿನಲ್ಲಿ ಬರೆದ ಹೆಸರು. ಚೀಸು ಹಾಕಿ ಬೇಯಿಸಿದ ಆಲೂಗಡ್ಡೆ, ಮೀನು ಬೆರೆಸಿದ ನೂಡಲ್ಸು, ಮತ್ತೆ ಅದೇ ಆಲೂಗಡ್ಡೆ. ತಿಂದು, ತೊಳೆದು, ಹೆಸರು ನೋಡಿ ಮನೆಮನೆಗೆ ಮುಟ್ಟಿಸಬೇಕು. ಸಾವಾದ ಮನೆಗೆ ಊರು ಕೊಡುವ ಕೆಲಸ ಅದು. ಅವಳು ಒಂದು ಪಾತ್ರೆಯ ಮುಚ್ಚಳ ತೆಗೆದು, ಚಮಚ ಹುಡುಕದೆ, ಬೆರಳಿನಲ್ಲೇ ತಣ್ಣನೆಯ ಆಲೂಗಡ್ಡೆ ಎತ್ತಿ ತಿಂದಳು. ರುಚಿಯಾಗಿತ್ತು. ಅದಕ್ಕೆ ನಾಚಿಕೆಯಾಗಿ ಮುಚ್ಚಿಟ್ಟಳು. ನಿನ್ನೆ ಮಣ್ಣು ಮಾಡಿ ಬಂದು ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಊಟಕ್ಕೆ ಸೇರಿದಾಗಲೂ ಹಾಗೆಯೇ ಆಗಿತ್ತು, ಹಸಿವು ಹೇಳದೆ ಕೇಳದೆ ಬಂದಿತ್ತು. ಎರಡನೆಯ ತುಂಡು ಬ್ರೆಡ್ಡು ತೆಗೆದುಕೊಳ್ಳುವಾಗ ಅತ್ತೆ ಆರ್ಲೀನ್ ಅವಳ ಕೈಯನ್ನೇ ನೋಡಿದ್ದರು. ಕಾಫಿ ಪಾತ್ರೆಯ ಸುತ್ತ ಗಂಡಸರು ಅವಳಿಗೆ ಬೆನ್ನು ಹಾಕಿ ನಿಂತಿದ್ದರು. ವೇಡ್ ಹೊಡೆದ ಜಿಂಕೆಯನ್ನು ಕಯೋಟಿ ಎಂಬ ಕಾಡುನಾಯಿಗಳು ತಿಂದದ್ದನ್ನು ಒಬ್ಬ ಹೇಳುತ್ತಿದ್ದ, “ಎಂಟು ಕವಲು ಕಣೋ ಕೊಂಬು. ಹಿಂದ್ಲಿಂದ ಶುರು ಮಾಡಿ ಪಕ್ಕೆ ತನಕ ಖಾಲಿ ಮಾಡ್ಬಿಟ್ಟಿವೆ ಕಯೋಟಿಗಳು.” “ಅವುಗಳ ಬಾಯಿಗೆ ಬೀಳೋ ಬದ್ಲು ನಮ್ಮ ಬಾಯಿಗೆ ಬಿದ್ದಿದ್ರೆ...” “ನಿನ್ನ ಬಾಯಿಗೆ ಬಿದ್ದಿದ್ರೆ ಕೊಂಬೂ ಉಳೀತಿರ್ಲಿಲ್ಲ ಬಿಡು.” ಸಣ್ಣಗೆ ನಕ್ಕರು. ಅಷ್ಟರಲ್ಲಿ ಅವಳು ಅವರ ಕಣ್ಣಿಗೆ ಬಿದ್ದಳು. ಎಲ್ಲರೂ ಒಟ್ಟಿಗೇ ಸುಮ್ಮನಾದರು, ಒಬ್ಬ ತನ್ನ ಕೈಯಲ್ಲಿದ್ದ, ಆಗಲೇ ಕುಡಿದಿದ್ದ ಕಾಫಿಯನ್ನೇ ಅವಳ ಕೈಗೆ ಕೊಟ್ಟುಬಿಟ್ಟ. ಅವಳಿಗೆ ಕೋಪ ಬರಲಿಲ್ಲ. ಮುಂದುವರಿಸಲಿ ಅನ್ನಿಸಿತ್ತು. ಜಿಂಕೆಯ ವಿಷಯದಲ್ಲಾದರೂ ಅವರು ಕಂಡದ್ದನ್ನು ಕಂಡಹಾಗೆ ಹೇಳುತ್ತಿದ್ದರು.

ವೇಡ್‌ನ ವಿಷಯದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ತಕ್ಷಣ. ಮರದ ಮೇಲಿನ ಅಟ್ಟಣೆಯಿಂದ ಇಳಿಯುವಾಗ ಬಿದ್ದ, ಬತ್ತಳಿಕೆಯಲ್ಲಿದ್ದ ಬಾಣದ ಅಲಗು ಅವನ ತೊಡೆಗೇ ಇಳಿಯಿತು, ತೊಡೆಯದು ದೊಡ್ಡ ರಕ್ತನಾಳ, ತಕ್ಷಣ ಹೋದ. ಪಾದ್ರಿ ಅದನ್ನು ದೇವರ ಕರುಣೆ ಎಂದರು. ಅತ್ತೆ ಅವಳ ಗಲ್ಲ ಹಿಡಿದು, “ಅವನಿಗೆ ಗೊತ್ತೇ ಆಗಿರಲ್ಲ ಮಗಳೇ, ದೀಪ ಆರಿಸಿದ ಹಾಗೆ,” ಎಂದರು. ಹೇಳುವಾಗ ತಾವೇ ಅದನ್ನು ಅವಳಿಂದ ಕೇಳಿಸಿಕೊಳ್ಳುತ್ತಿರುವ ಹಾಗೆ ಅವಳ ಬಾಯನ್ನೇ ನೋಡುತ್ತಿದ್ದರು. ಲಿನೆಟ್ ಆ ಮಾತನ್ನು ಮೂರು ರಾತ್ರಿಗಳಿಂದ ದಿಂಬಿನಡಿ ಇಟ್ಟುಕೊಂಡು ಮಲಗಿದ್ದಳು. ತಕ್ಷಣ ಎಂಬುದು ನಿಜವಾದರೆ ಉಳಿದದ್ದಕ್ಕೆಲ್ಲ ಅರ್ಥವಿಲ್ಲ: ಅವಳು ಒಲೆಯ ಮುಂದೆ ನಿಂತದ್ದಕ್ಕೆ, ಸೂಪು ಮತ್ತೆ ಬಿಸಿ ಮಾಡಿದ್ದಕ್ಕೆ, ಕಿಟಕಿ ಮುಚ್ಚಿದ್ದಕ್ಕೆ. ನಿಜವಲ್ಲವಾದರೆ... ಆ ವಾಕ್ಯವನ್ನು ಅವಳು ಮುಗಿಸುತ್ತಿರಲಿಲ್ಲ. ಎಲ್ಲರೂ ಬಂದು ತಬ್ಬಿಕೊಂಡು ಹೇಳಿದರು, ಮರ್ಲ್ ಒಬ್ಬ ಹೇಳಲಿಲ್ಲ. ಕಾಡಿನಲ್ಲಿ ವೇಡ್‌ನನ್ನು ಮೊದಲು ಕಂಡವನು ಆತ. ಸಭಾಂಗಣದ ಬಾಗಿಲ ಬಳಿಯೇ ಟೋಪಿ ತೆಗೆದು ನಿಂತಿದ್ದು, ಅವಳು ಅತ್ತ ತಿರುಗಿದಾಗ ಟೋಪಿ ಹಾಕಿಕೊಂಡು ಹೊರಟುಹೋದ.

ಕಾಯುವುದನ್ನು ಅವಳಿಗೆ ಕಲಿಸಿದವನು ವೇಡ್. ಮದುವೆಗೆ ಮುಂಚಿನ ಚಳಿಗಾಲ, ಪಿಟ್ಸ್‌ಬರ್ಗ್‌ನ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದ ಹುಡುಗಿಯನ್ನು ಗುಡ್ಡದೂರಿನ ಮನೆಗೆ ಊಟಕ್ಕೆ ಕರೆದುಕೊಂಡು ಬರುವ ಮುನ್ನ, ಕಾರಿನಲ್ಲಿ, ಗಾಜಿನ ಮೇಲಿನ ಹಬೆಯಲ್ಲಿ ಜಿಂಕೆಯ ಚಿತ್ರ ಬರೆದು ಬೆರಳಿಟ್ಟು ತೋರಿಸಿದ್ದ. ಬಾಣ ಇಲ್ಲಿಗೆ ಬಿದ್ದರೆ ಶ್ವಾಸಕೋಶ, ಒಂದು ಸಿಗರೇಟು ಮುಗಿಯುವಷ್ಟು ಕಾದು ಹೋಗಬಹುದು. ಇಲ್ಲಿ ಯಕೃತ್ತು, ಇನ್ನೂ ಕಾಯಬೇಕು. ಹಿಂದಕ್ಕೆ, ಹೊಟ್ಟೆಗೆ ಬಿದ್ದರೆ ಬೆಳಗಾಗುವವರೆಗೂ ಆ ಕಡೆ ಹೆಜ್ಜೆ ಇಡಬಾರದು. ಬಿಟ್ಟರೆ ಹತ್ತಿರದಲ್ಲೇ ಮಲಗಿ ಅಲ್ಲೇ ಸಾಯುತ್ತದೆ; ಹಿಂದೆಯೇ ಹೋದರೆ ಎದ್ದು ಓಡುತ್ತದೆ, ಯಾರ ಕೈಗೂ ಸಿಗದೆ ಎಲ್ಲೋ ಸಾಯುತ್ತದೆ. “ಕಾದರೆ ಕಯೋಟಿ ತಿನ್ನಲ್ವಾ?” ಎಂದು ಅವಳು ಕೇಳಿದ್ದಳು. “ತಿನ್ನುತ್ವೆ. ಅದಕ್ಕೇ ಕಾಯೋದು ಕಷ್ಟ,” ಎಂದಿದ್ದ. ಅವತ್ತು ಊಟದ ಮೇಜಿನಲ್ಲಿ ವೇಡ್‌ನ ಅಣ್ಣ ಕರ್ಟ್ ಬೇಕೆಂದೇ ಕೇಳಿದ, “ಏನಮ್ಮಾ ಕಾಲೇಜು, ಹೊಟ್ಟೆಗೆ ಹೊಡೆದ್ರೆ ಏನ್ ಮಾಡ್ಬೇಕು?” “ಮನೆಗೆ ಬಂದು ಊಟ ಮಾಡಿ ಮಲಗ್ಬೇಕು,” ಎಂದಳು ಲಿನೆಟ್. ಮೇಜಿಗೆ ಮೇಜೇ ನಕ್ಕಿತು. ಅತ್ತೆ ಇನ್ನೊಂದು ತುಂಡು ಮಾಂಸ ಅವಳ ತಟ್ಟೆಗೆ ಹಾಕಿದರು. ಇಷ್ಟೆಲ್ಲ ಓದಿದ ಅವಳಿಗೆ ಯಾವ ಪರೀಕ್ಷೆಯಲ್ಲಿ ಪಾಸಾದದ್ದಕ್ಕೂ ಅಷ್ಟು ಸಂತೋಷವಾಗಿರಲಿಲ್ಲ.

ವೇಡ್ ಸತ್ತ ಸಂಜೆ ಫೋನಿಗೆ ಬಂದ ಅವನ ಸಂದೇಶ: ‘ಹಿಂದಕ್ಕೆ ಬಿತ್ತು. ಕಾಯ್ತೀನಿ. ಬೈಬೇಡ.’ ಅವಳು ಬರೆದಳು: ‘ಕಾಯಿ. ಸೂಪು ಎಲ್ಲೂ ಓಡಿಹೋಗಲ್ಲ.’ ಆಮೇಲೆ ಏನೂ ಬರಲಿಲ್ಲ, ಬರಬೇಕೆಂದೂ ಅವಳಿಗೆ ಅನ್ನಿಸಲಿಲ್ಲ. ಕಾಯುತ್ತಿರುವವನಿಗೆ ಫೋನು ಮಾಡಬಾರದು. ಪಕ್ಕದಲ್ಲೇ ಮಲಗಿರುವ ಜಿಂಕೆಗೆ ಅದು ಕೇಳಿದರೆ ಮುಗಿಯಿತು. ಸೂಪಿನ ಹಬೆ ಹೋಗಲೆಂದು ಅಡುಗೆಮನೆಯ ಕಿಟಕಿ ತೆರೆದಿದ್ದಳು. ಕತ್ತಲಾಗುವಾಗ ಗುಡ್ಡದ ಮೇಲೆ ಕಯೋಟಿಗಳು ಊಳಿಟ್ಟವು. ನರಿಗಿಂತ ದೊಡ್ಡ, ತೋಳಕ್ಕಿಂತ ಸಣ್ಣ ಈ ಪ್ರಾಣಿಗಳು ನಾಲ್ಕೇ ಇದ್ದರೂ ನಲವತ್ತರ ಹಾಗೆ ಕೂಗುತ್ತವೆ. ಕೂಗಿನ ಮಧ್ಯೆ ಮಕ್ಕಳು ಕಿರುಚಿದ ಹಾಗೆ, ಯಾರೋ ಕರೆದ ಹಾಗೆ, ನಕ್ಕ ಹಾಗೆ. ಸಿಕ್ಕಿತು ಅವುಗಳಿಗೆ, ಅಂದುಕೊಂಡಳು. ಇವತ್ತು ಮುಖ ಊದಿಸಿಕೊಂಡು ಬರುತ್ತಾನೆ, ಎರಡು ದಿನ ಅದೇ ಮಾತು. ಆ ಕೂಗು ಸಹಿಸಲಾಗದೆ ಕಿಟಕಿ ಮುಚ್ಚಿದಳು. ಚಿಲಕವನ್ನೂ ಹಾಕಿದಳು, ಅವು ಕಿಟಕಿಗೆ ಬರುವವೋ ಎಂಬಂತೆ. ಸೂಪನ್ನು ಎರಡನೆಯ ಸಲ ಬಿಸಿ ಮಾಡಿದ ಮೇಲೆ ವೇಡ್‌ಗೆ ಫೋನು ಮಾಡಿದಳು. ಅದು ಅಟ್ಟಣೆಯಲ್ಲಿ ತೂಗುಹಾಕಿದ ಚೀಲದಲ್ಲಿ ಮಿಡಿಯುತ್ತಿದ್ದಿರಬೇಕು. ಆಮೇಲೆ ಮರ್ಲ್‌ಗೆ ಮಾಡಿದಳು. ಈಗ, ಬೆಳಗಿನ ಬೆಳಕಿನಲ್ಲಿ, ಆ ಚಿಲಕ ಹಾಗೇ ಹಾಕಿತ್ತು. ಆ ದಿನದಿಂದ ಯಾರೂ ತೆಗೆದಿರಲಿಲ್ಲ.

ಕಸದ ಲಾರಿ ಹೋದ ಸ್ವಲ್ಪ ಹೊತ್ತಿಗೆ ಕರ್ಟ್‌ನ ಗಾಡಿ ಬಂದು ನಿಂತಿತು. ಬೂಟು ಬಿಚ್ಚದೆ ಒಳಗೆ ಬಂದವನು, ಹೊಸ್ತಿಲಲ್ಲಿ ನೆನಪಾಗಿ, ಹೊರಗೆ ಹೋಗಿ ಬಿಚ್ಚಿ ಮತ್ತೆ ಬಂದ. ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಗಂಟು. ಮೇಜಿನ ಮೇಲೆ ಪಾತ್ರೆಗಳನ್ನು ಸರಿಸಿ ಬಿಚ್ಚಿದ. ಕೊಂಬುಗಳು, ತಲೆಬುರುಡೆಯ ಒಂದು ಚೂರಿನ ಸಮೇತ ಗರಗಸದಲ್ಲಿ ಕೊಯ್ದದ್ದು.

“ವೇಡ್‌ದು,” ಎಂದ. “ಸರಿಯಾಗಿ ಎಂಟು. ಹಲಗೆ ಮೇಲೆ ಕೂರ್ಸಿ ಕೊಡ್ತೀನಿ ಲಿನ್, ಇಲ್ಲಾಂದ್ರೆ ನಮ್ಮ ಬೇಟೆ ಕ್ಯಾಂಪಲ್ಲಿ ಹಾಕೋಣ, ಅವನ ಹೆಸರು ಬರ್ದು. ನೀನು ಹೇಳಿದ ಹಾಗೆ.”

“ಎಲ್ಲಿ ಸಿಕ್ತು?”

“ಅಟ್ಟಣೆಯಿಂದ ದೂರ ಏನಿಲ್ಲ. ಕಲ್ಲೆಸೆದ್ರೆ ಬೀಳೋವಷ್ಟು. ಪಾಪ, ಕಾದಿದ್ದೇ ಸರಿ, ಅಲ್ಲೇ ಮಲಗಿತ್ತು. ಆ ನಾಯಿಗುಟ್ಟಿದವು ಬಂದು ಶುರು ಹಚ್ಕೊಂಡಾಗ, ಇವನಿಗೆ ಮರದ ಮೇಲಿಂದ ಎಲ್ಲ ಕೇಳಿರ್ಬೇಕು, ಓಡಿಸೋಣ ಅಂತ ಮರಕ್ಕೆ ಬಿಗಿದ್ಕೊಂಡಿದ್ದ ಸೊಂಟದ ಪಟ್ಟಿ ಬಿಚ್ಚಿ ದಡಬಡ ಇಳಿಯೋಕೆ ಹೋಗಿ...” ಅವನು ನಿಂತ. ಟವೆಲಿನ ಅಂಚನ್ನು ಮಡಿಸಿದ. “ತಕ್ಷಣ ಲಿನ್. ಅವನಿಗೆ ಗೊತ್ತೂ ಆಗಿರಲ್ಲ.”

“ಅವು ತಿನ್ನೋದು ಮುಗ್ಸೋಕೆ ಎಷ್ಟು ಹೊತ್ತು ಬೇಕು?”

“ಏನ್ ಪ್ರಶ್ನೆನೇ ಇದು?”

“ಸುಮ್ನೆ ಕೇಳ್ದೆ.”

ಕರ್ಟ್ ಕಿಟಕಿಯಿಂದ ಹೊರಗೆ ನೋಡಿದ. ದೊಡ್ಡ ಆಳು, ಅಳದಿರುವುದಕ್ಕಾಗಿ ಮೂಗು ಉಜ್ಜಿಕೊಂಡ. ಅವಳಿಗೆ ಅವನ ಮೇಲೆ ಕನಿಕರ ಬರಬೇಕಿತ್ತು. ಆದರೆ ಅವನ ಕಾಲುಚೀಲದ ತೂತಿನಿಂದ ಹೆಬ್ಬೆರಳು ಕಾಣುತ್ತಿದ್ದುದನ್ನೇ ನೋಡುತ್ತ ನಿಂತಳು. “ಸೋಮವಾರದಿಂದ ಬಂದೂಕಿನ ಸೀಸನ್ನು,” ಎಂದ ಅವನು, “ಮರ್ಲ್‌ಗೆ ಬಂಡಿ ಬೇಕಾಗುತ್ತೆ. ಹೋಗೋ ದಾರೀಲಿ ನಾನೇ ಹಾಕ್ಕೊಂಡು ಹೋಗಿ ಕೊಟ್ಬಿಡ್ತೀನಿ.”

“ಬೇಡ. ನಾನೇ ಕೊಡ್ತೀನಿ.”

“ನಿಂಗ್ಯಾಕೆ ತೊಂದರೆ? ನಾನು ಹೇಗೂ ಆ ಕಡೇನೇ...”

“ಕರ್ಟ್. ತಂದವನು ನನ್ನ ಗಂಡ. ನಾನ್ ಕೊಡ್ತೀನಿ.”

ಅವನು ಬಾಗಿಲವರೆಗೆ ಹೋಗಿ ಮತ್ತೆ ನಿಂತ. “ಹಾಗಾದ್ರೆ ಹಗ್ಗ ಬದಲಾಯ್ಸಿ ಕೊಡ್ತೀನಿ ತಾಳು. ಅದು ಹಳೇದು. ಗಾಡೀಲಿ ಹೊಸದಿದೆ.” ಅವಳು ಬೇಡ ಎಂದಳು. ಹೊರಗೆ ಅವನು ಬೂಟಿನ ದಾರ ಕಟ್ಟುತ್ತ ಶೆಡ್ಡಿನ ಕಡೆ ನೋಡಿದ, ಅವಳ ಕಡೆ ನೋಡಿದ, ಗಾಡಿ ಹತ್ತಿದ. ಆಗ ಅವಳಿಗೆ ತಿಳಿಯಿತು, ಪೈಪು ಹಿಡಿದು ತೊಳೆದವನು ಇವನೇ.

ಬಂಡಿಯನ್ನು ಅಡುಗೆಮನೆಯ ಒಳಗೇ ತಂದು ಒಲೆಯ ಮುಂದೆ ಇಟ್ಟಳು. ತಳದ ಮಂಜು ಕರಗಿ ನೀರಾಯಿತು, ನೀರಿಗೆ ಸ್ವಲ್ಪ ಬಣ್ಣವಿತ್ತು. ಅವಳು ಬಟ್ಟೆ ತಂದು ಒರೆಸಿದಳು, ಬಟ್ಟೆ ಹಿಂಡಿದಳು, ಮತ್ತೆ ಒರೆಸಿದಳು. ಮದುವೆಯಾದ ಹೊಸತರಲ್ಲಿ ವೇಡ್ ಚೆಲ್ಲಿದ್ದನ್ನೆಲ್ಲ ಹೀಗೆಯೇ ಗೊಣಗುತ್ತ ಒರೆಸುತ್ತಿದ್ದಳು. ಹಗ್ಗ ಮೆತ್ತಗಾಗತೊಡಗಿದಾಗ ಎಳೆದಳು. ಒಂದು ತುದಿ ಬಂಡಿಯ ಮೂತಿಯಲ್ಲೇ ಇತ್ತು. ಇನ್ನೊಂದು ತುದಿಯ ಬಳಿ ಕುಣಿಕೆ, ಕುಣಿಕೆಯ ಮೇಲೆ ಗಂಟು. ಗಂಟಿನಲ್ಲಿ ಒಂದು ಓಕ್ ಕಡ್ಡಿ, ಹೆಬ್ಬೆರಳಿನಷ್ಟು ದಪ್ಪದ್ದು, ಸಿಕ್ಕಿಕೊಂಡಿತ್ತು. ಹಗ್ಗವನ್ನು ತಿರುಚಿ ಬಿಗಿಯಾಗಿಸಲು ತೂರಿಸುವಂಥದ್ದು. ಗಂಟಿಗೆ ಒಂದು ಸುತ್ತು ಹೆಚ್ಚು. ಕ್ರಿಸ್‌ಮಸ್ ಮರವನ್ನು ಕಾರಿನ ಮೇಲೆ ಕಟ್ಟುವಾಗ ವೇಡ್ ಹಾಕುತ್ತಿದ್ದ ಹೆಚ್ಚಿನ ಸುತ್ತು; ಬಿಚ್ಚುವಾಗ ಅವಳ ಉಗುರು ಮುರಿದು, “ಮರ ಏನು ಎದ್ದು ಓಡುತ್ತಾ?” ಎಂದು ರೇಗಿದ್ದಳು. “ಹೇಳೋಕಾಗಲ್ಲ,” ಎಂದಿದ್ದ ಅವನು. ಅವಳು ನೆಲದ ಮೇಲೆ ಕೂತು, ಕುಣಿಕೆಯನ್ನು ತನ್ನ ಕಾಲಿಗೆ ತೂರಿಸಿ ತೊಡೆಯವರೆಗೆ ಎಳೆದುಕೊಂಡಳು. ಸಡಿಲವಾಗಿತ್ತು. ಅವಳ ತೊಡೆಗಿಂತ ದಪ್ಪನೆಯ ತೊಡೆಗೆ, ರಕ್ತ ನಿಲ್ಲಲೆಂದು, ಅಳೆದು ಕಟ್ಟಿದ್ದು. ಹಗ್ಗ ಕಟ್ಟುವವನಿಗೆ ಕೈ ನಡುಗದೆ ಕಟ್ಟುವಷ್ಟು ಹೊತ್ತಿತ್ತು. ಕಡ್ಡಿ ಹುಡುಕುವಷ್ಟು ಹೊತ್ತಿತ್ತು. ಹೆಚ್ಚಿನ ಸುತ್ತು ಹಾಕುವಷ್ಟು. ಕಟ್ಟಿದ ಮೇಲೆ ಅವನು ಮಾಡಬೇಕಾದ್ದು ಇನ್ನೇನು ಉಳಿದಿತ್ತು? ಯಾರಾದರೂ ಬರಲೆಂದು ಕಾಯುವುದು.

ಅವಳು ಎಷ್ಟು ಹೊತ್ತು ಹಾಗೆ ಕೂತಿದ್ದಳೋ, ಒಲೆ ಆರಿತ್ತು. ಎದ್ದು ಕೋಟು ಹಾಕಿಕೊಂಡು, ಹಗ್ಗದ ಸಡಿಲ ಭಾಗವನ್ನು ಕೈಗೆ ಸುತ್ತಿಕೊಂಡು, ಬಂಡಿಯನ್ನು ರಸ್ತೆಯುದ್ದಕ್ಕೂ ಎಳೆದುಕೊಂಡು ನಡೆದಳು. ಜಲ್ಲಿಯ ಮೇಲೆ ಅದು ಗರಗರ ಸದ್ದು ಮಾಡಿತು. ಕಾರಿನಲ್ಲಿ ಹಾಕಿಕೊಂಡು ಹೋಗಬಹುದಿತ್ತು ಎಂದು ಅರ್ಧ ದಾರಿಯಲ್ಲಿ ಹೊಳೆಯಿತು. ಎದುರಿಗೆ ಬಂದ ಗಾಡಿಯೊಂದು ವೇಗ ತಗ್ಗಿಸಿ, ಒಳಗಿನ ಹೆಂಗಸು ಕೈ ಎತ್ತಲೋ ಬೇಡವೋ ಎಂದು ಅರ್ಧ ಎತ್ತಿ, ಮುಂದೆ ಹೋಯಿತು. ಹುಚ್ಚು ಹಿಡಿದಿದೆ ಎಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಇನ್ನಷ್ಟು ಆಲೂಗಡ್ಡೆ ಬರುತ್ತದೆ.

ಮರ್ಲ್ ಕೊಟ್ಟಿಗೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ಬಂದೂಕಿನ ನಳಿಗೆಗೆ ಎಣ್ಣೆ ಹಾಕುತ್ತಿದ್ದ. ಸದ್ದು ಕೇಳಿ ತಲೆಯೆತ್ತಿದ. ಬಂದೂಕನ್ನು ಅವಳ ಕಣ್ಣಿಗೆ ಬೀಳದ ಹಾಗೆ ಬಾಗಿಲ ಹಿಂದೆ ಇಡಲು ಎದ್ದ, ಸೊಂಟ ಹಿಡಿದುಕೊಂಡಿತು, ಅದು ಕೈಯಲ್ಲೇ ಉಳಿಯಿತು.

“ನೀನ್ಯಾಕಮ್ಮಾ ತರೋಕೆ ಹೋದೆ,” ಎಂದ. “ಅಲ್ಲೇ ಬಿದ್ದಿರ್ಲಿ ಅಂತಿದ್ದೆ. ನಂಗೇನೂ ಅವಸರ ಇರ್ಲಿಲ್ಲ.”

“ಸೋಮವಾರ ಬೇಕಲ್ವಾ ನಿಮಗೆ?”

“ಬೇಕು,” ಎಂದ ಮುದುಕ, ಸುಳ್ಳು ಹೇಳಲು ಬಾರದವನ ಹಾಗೆ.

ಅವಳು ಬಂಡಿಯನ್ನು ಅವನ ಕಾಲ ಬಳಿ ತಂದು ನಿಲ್ಲಿಸಿದಳು. ಕುಣಿಕೆ ಮೇಲೇ ಕಾಣುವ ಹಾಗಿತ್ತು, ಕಡ್ಡಿಯ ಸಮೇತ. ಮರ್ಲ್ ಅದನ್ನು ನೋಡಿದ. ಅವಳು ಆತನನ್ನು ನೋಡಿದಳು.

“ತಕ್ಷಣ ಅಂತಾರೆ ಎಲ್ರೂ,” ಎಂದಳು.

ಮರ್ಲ್ ಬಂದೂಕನ್ನು ಸ್ಟೂಲಿಗೆ ಒರಗಿಸಿದ. ಎಣ್ಣೆಯ ಕೈಯನ್ನು ಪ್ಯಾಂಟಿಗೆ ಒರೆಸಿದ, ಎರಡೂ ಕಡೆ, ನಿಧಾನವಾಗಿ. “ಅವರು ಅಲ್ಲಿರ್ಲಿಲ್ಲ.”

“ನೀವಿದ್ರಿ.”

“ಹೂಂ.” ಕಣ್ಣು ಕುಣಿಕೆಯ ಮೇಲೇ ಇತ್ತು. “ಮರಕ್ಕೆ ಒರಗಿ ಕೂತಿದ್ದ ಕಣಮ್ಮ. ಬಂಡಿ ಎಳ್ಕೊಂಡು ಪಕ್ಕಕ್ಕೆ ಇಟ್ಕೊಂಡಿದ್ದ. ಹಗ್ಗ ನಾನೇ ಕಾಲಿಂದ ಜಾರಿಸಿ ತೆಗ್ದದ್ದು, ಬಿಚ್ಚೋಕೆ ಪುರುಸೊತ್ತಿರ್ಲಿಲ್ಲ. ಚೆನ್ನಾಗೇ ಕಟ್ಟಿದ್ದ.”

“ಎಷ್ಟು ಹೊತ್ತು?”

“ಜಿಂಕೆ ಆದ್ರೆ ಹೇಳ್ತಿದ್ದೆ. ಮನುಷ್ಯರದ್ದು ಗೊತ್ತಿಲ್ಲ.” ಆಮೇಲೆ, ಅವಳು ಇನ್ನೂ ನೋಡುತ್ತಲೇ ಇದ್ದುದರಿಂದ, “ತಕ್ಷಣ ಅಲ್ಲ,” ಎಂದ.

ಒಳಗೆ ಏನಾದರೂ ಮುರಿಯುತ್ತದೆ ಎಂದು ಕಾದಳು. ಮುರಿಯಲಿಲ್ಲ. ಬದಲಿಗೆ, ಮೂರು ದಿನಗಳಲ್ಲಿ ಮೊದಲ ಬಾರಿಗೆ, ಕಾಲ ಕೆಳಗೆ ನೆಲವಿದೆ ಅನ್ನಿಸಿತು. ತಣ್ಣನೆಯ, ಗಟ್ಟಿಯಾದ, ನಿಲ್ಲಬಹುದಾದ ನೆಲ. “ಯಾವ ಕಡೆ ಮುಖ ಮಾಡಿದ್ದ?” ಎಂದು ಕೇಳಿದಳು.

“ಅದೆಲ್ಲ ಯಾಕೆ ಈಗ?”

“ಹೇಳಿ ಮರ್ಲ್.”

“ಕೆಳಗಡೆಗೆ. ರಸ್ತೆ ಕಡೆಗೆ.” ಮುದುಕ ದೂರದ ಗುಡ್ಡದತ್ತ ನೋಡಿದ. “ಎಲೆ ಉದುರಿದ ಮೇಲೆ ಅಲ್ಲಿಂದ ನಿಮ್ಮನೆ ದೀಪ ಕಾಣುತ್ತೆ.”

“ನಾನು ಕಿಟಕಿ ಮುಚ್ಚಿದೆ. ಅವು ಕೂಗೋವಾಗ.”

“ಆ ಕೂಗು ನಂಗೂ ಕೇಳಿಸ್ತು,” ಎಂದ ಮರ್ಲ್. “ಇಲ್ಲೇ ನಿಂತಿದ್ದೆ. ‘ಹೋಯ್ತು ಹುಡುಗನ ಜಿಂಕೆ’ ಅಂದ್ಕೊಂಡೆ. ಒಂದ್ಸಲ ಹೋಗಿ ನೋಡೋಣ ಅಂತಾನೂ ಅನ್ನಿಸ್ತು. ಆದ್ರೆ ಇನ್ನೊಬ್ಬ ಹೊಡೆದ ಜಿಂಕೆ ಜಾಡಿಗೆ ಅವನು ಕರೀದೆ ಕಾಲಿಡೋ ಹಾಗಿಲ್ವಲ್ಲ. ಒಳಗ್ ಹೋಗಿ ಒಲೆಗೆ ಸೌದೆ ಹಾಕ್ದೆ.” ಅಷ್ಟು ಹೇಳಿ ಬಾಗಿ, ಬಂಡಿಯಿಂದ ಕುಣಿಕೆ ಎತ್ತಿಕೊಂಡ. ಕಡ್ಡಿಯನ್ನು ಎಳೆದು ತೆಗೆದ. ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ. ಗಂಟಿಗೆ ಉಗುರು ಹಾಕಿದ. ಗಂಟು ಕದಲಲಿಲ್ಲ. ಸೊಂಟದಲ್ಲಿದ್ದ ಚಾಕುವಿಗೆ ಕೈ ಹೋಯಿತು.

“ಕುಯ್ಯಬೇಡಿ,” ಎಂದಳು. “ಕೊಡಿ ಇಲ್ಲಿ.”

ಅವಳಿಗೆ ಆ ಗಂಟು ಗೊತ್ತಿತ್ತು. ಮೊದಲು ಹೆಚ್ಚಿನ ಸುತ್ತನ್ನು ಹಿಂದಕ್ಕೆ ತಳ್ಳಬೇಕು, ಆಮೇಲೆ ಉಳಿದದ್ದು ತಾನೇ ಬರುತ್ತದೆ. ಚಳಿಗೆ ಬೆರಳು ಮರಗಟ್ಟಿತ್ತು. ಉಗುರು ಈ ಸಲವೂ ಮುರಿಯಿತು. ಮರ್ಲ್ ಪಕ್ಕದಲ್ಲಿ ನಿಂತು, ಸಹಾಯಕ್ಕೆ ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡ. ಗಂಟು ಬಿಚ್ಚಿದಾಗ ಹಗ್ಗ ನೇರವಾಗಲಿಲ್ಲ, ಕುಣಿಕೆ ಇದ್ದ ಕಡೆ ಬಾಗಿಯೇ ಉಳಿಯಿತು. ಅವಳು ಅದನ್ನು ಸುರುಳಿ ಸುತ್ತಿ ಬಂಡಿಯ ಒಳಗಿಟ್ಟಳು. ಮುದುಕ ಬಂಡಿಯನ್ನೆತ್ತಿ ಗೋಡೆಯ ಮೊಳೆಗೆ ಹಾಕಲು ಹೋಗಿ, ಸೋಮವಾರ ಮತ್ತೆ ಇಳಿಸಬೇಕಲ್ಲ ಎಂದೋ ಏನೋ, ಬಾಗಿಲ ಬಳಿಯೇ ಒರಗಿಸಿದ.

“ಈ ಸಲ ಹೊಡೆದ್ರೆ ಕಾಯಬೇಡಿ,” ಎಂದಳು ಲಿನೆಟ್. “ತಕ್ಷಣ ಹೋಗಿ.”

ಮರ್ಲ್ ಅವಳನ್ನು ನೋಡಿದ. ಹೂಂ ಎಂದುಬಿಡಬಹುದಿತ್ತು. ಆದರೆ ಬದುಕಿಡೀ ಮಾಡಿಕೊಂಡು ಬಂದದ್ದರ ಬಗ್ಗೆ ಆತನಿಗೆ ಹಾಗೆ ಹೇಳಲು ಬರಲಿಲ್ಲ. “ಹೊಟ್ಟೆಗೆ ಬಿದ್ರೆ ಕಾಯಲೇಬೇಕಮ್ಮ,” ಎಂದ, ತೀರ ಮೆಲ್ಲಗೆ. “ಇಲ್ಲಾಂದ್ರೆ ಎದ್ದು ಹೋಗ್ಬಿಡುತ್ತೆ.”

“ಎದ್ದು ಹೋಗ್ಲಿ,” ಎಂದಳು ಅವಳು.